ತೋಟದ ಮೈಲುತುತ್ತ, ಗದ್ದೆಯ ಸಸಿ

ಮಳೆಗಾಲಕ್ಕೆ ಮುಂಚೆ ಕೊಡಗಿನ ತೋಟಗಳಲ್ಲಿ ಬೋರ್ಡೋ ಎಂಬ ಬೂಜು ರೋಗದ ಮದ್ದು ಕಲಸುವ ಬ್ಯಾರಲ್‌ಗಳು ಹೊರಗೆ ಬರುತ್ತವೆ. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ಕಾಫಿಗೂ ಅದೇ, ಮೆಣಸಿನ ಬಳ್ಳಿಗೂ ಅದೇ, ಅಡಿಕೆಗೂ ಅದೇ. ಹೊಡೆದಾದ ಮೇಲೆ ಬ್ಯಾರಲ್ ತೊಳೆದು ತೋಡಿಗೆ ಚೆಲ್ಲುವುದು ನಮ್ಮ ಮನೆಯಲ್ಲೂ ಇದ್ದ ರೂಢಿ. ತೋಡು ಕೆಳಗೆ ಗದ್ದೆಗೆ ಹೋಗುತ್ತದೆ. ನಮ್ಮ ಗದ್ದೆಗಳಿರುವುದೇ ಗುಡ್ಡಗಳ ನಡುವಿನ ತಗ್ಗಿನಲ್ಲಿ, ಅಲ್ವಾ?

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಾಗಲಿಲ್ಲ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಗಮನಿಸಿ, 1885ರಲ್ಲಿ ಜಗತ್ತಿಗೆ ತಿಳಿಸಿದರು. ನಮ್ಮ ಕಡೆ 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೊಡೆಸಿದರು. ಎಷ್ಟೋ ಮನೆಗಳ ಅನ್ನ ಉಳಿಸಿದ ಮದ್ದು ಇದು. ಅದನ್ನು ಮರೆಯಬಾರದು.

ಆದರೆ ಮೈಲುತುತ್ತದ ಕಾಲು ಭಾಗ ತಾಮ್ರ. ಒಂದು ಕಿಲೋಗೆ ಸುಮಾರು 250 ಗ್ರಾಂ. ತಾಮ್ರ ಕೊಳೆಯುವುದಿಲ್ಲ, ಕರಗಿ ಮಾಯವಾಗುವುದೂ ಇಲ್ಲ. ಮೇಲ್ಮಣ್ಣಿನ ತರಗೆಲೆ ಗೊಬ್ಬರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜೋರು ಮಳೆಗೆ ಆ ಮಣ್ಣು ಕೊಚ್ಚಿಹೋದರೆ ಅದರ ಜೊತೆ ತಾಮ್ರವೂ ಇಳಿಯುತ್ತದೆ. ದಕ್ಷಿಣ ಫ್ರಾನ್ಸಿನಲ್ಲಿ ಹಳೆಯ ದ್ರಾಕ್ಷಿ ತೋಟ ಕಿತ್ತು ಗೋಧಿ ಬಿತ್ತಿದಾಗ ಕೆಲವು ಹೊಲಗಳಲ್ಲಿ ಪೈರು ಹಳದಿಯಾಯಿತು. ಮಣ್ಣಿನಲ್ಲಿ ತಾಮ್ರ ಜಾಸ್ತಿಯಾಗಿ ಗಿಡಕ್ಕೆ ಕಬ್ಬಿಣ ಸಿಗದೆ ಹೋಗಿತ್ತು.

ಸಸಿ ಇದನ್ನು ಹೇಗೆ ಎದುರಿಸುತ್ತದೆ? ಮೊಳಕೆ ಸಾಮಾನ್ಯವಾಗಿ ಬಂದೇ ಬರುತ್ತದೆ. ಬೀಜಕ್ಕೆ ಸಿಪ್ಪೆಯ ಕಾವಲಿದೆ, ಒಳಗೆ ಬುತ್ತಿಯೂ ಇದೆ. ಪೆಟ್ಟು ಮೊದಲು ಬೀಳುವುದು ಬೇರಿನ ತುದಿಗೆ. ಬೇರು ಗಿಡ್ಡವಾಗುತ್ತದೆ, ಕಂದಾಗುತ್ತದೆ. ಲೋಹ ಎಲೆಗೆ ಏರದಂತೆ ಬೇರು ಹೋರಾಡುತ್ತದೆ. ಒಂದಿಷ್ಟನ್ನು ಜೀವಕೋಶದ ಗೋಡೆಯಲ್ಲೇ ಹಿಡಿದಿಡುತ್ತದೆ. ಗಂಧಕವಿರುವ ಪುಟ್ಟ ಸರಪಳಿಗಳನ್ನು ನೇಯ್ದು, ಒಳಬಂದ ಲೋಹವನ್ನು ಕಟ್ಟಿಹಾಕುತ್ತದೆ. 1985ರಲ್ಲಿ ವಿಜ್ಞಾನಿಗಳು ಇವಕ್ಕೆ ಫೈಟೊಕೆಲಾಟಿನ್ ಎಂದು ಹೆಸರಿಟ್ಟರು. ಕ್ಯಾಡ್ಮಿಯಂ ಎಂಬ ವಿಷಲೋಹದ ವಿಷಯದಲ್ಲಿ ಇವುಗಳ ಕೆಲಸ ದೊಡ್ಡದು. ಇದಕ್ಕೆಲ್ಲ ಶಕ್ತಿ ಬೇಕು. ಬೆಳೆಯಬೇಕಾದ ಶಕ್ತಿ ಕಾವಲಿಗೆ ಹೋಗುತ್ತದೆ, ಸಸಿ ಕುಳ್ಳಾಗುತ್ತದೆ.

ಎಲೆ ಹಳದಿಯಾದದ್ದು ಕಂಡರೆ ನಾವು ಸುಮ್ನೆ ಯೂರಿಯಾ ಎರಚುತ್ತೇವೆ. ನನಗೆ ಬೇಸರವಾಗುವುದು ಅಲ್ಲೇ. ಕೊಡಗಿನ ಮಣ್ಣು ಹುಳಿ, ಹುಳಿ ಮಣ್ಣಿನಲ್ಲಿ ತಾಮ್ರ ಬೇರಿಗೆ ಸುಲಭವಾಗಿ ಸಿಗುತ್ತದೆ. ನಿಂತ ನೀರಿನ ಗದ್ದೆಯಲ್ಲಿ ಕಬ್ಬಿಣವೇ ವಿಪರೀತವಾಗಿ ಎಲೆ ಕಂದಾಗುವುದೂ ಇದೆ. ಹಾಗಾಗಿ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಕೇಳಿ ಬರೆಸಬೇಕು. ಬ್ಯಾರಲ್ ತೊಳೆದ ನೀರಿಗೆ ತೋಡಿನಿಂದ ದೂರ, ತೋಟದೊಳಗೇ ಒಂದು ಗುಂಡಿ ತೋಡಬೇಕು.

ಬೇರಿನ ಉದ್ದ ಅಳೆದು ಲೋಹದ ಕಾಟ ತಿಳಿಯುವ ವಿಧಾನವನ್ನು ವಿಲ್ಕಿನ್ಸ್ ಎಂಬುವರು 1957ರಲ್ಲೇ ಸೀಸದ ವಿಷಯದಲ್ಲಿ ತೋರಿಸಿದ್ದರು. ಮನೆಯಲ್ಲೂ ಒಂದು ಅಂದಾಜಿಗೆ ಮಾಡಬಹುದು. ತೋಡಿನ ಬಾಯಿಯ ಮಣ್ಣು ಒಂದು ಕುಂಡಕ್ಕೆ, ತೋಟದ ನೀರು ತಾಗದ ಗದ್ದೆಯ ಮಣ್ಣು ಇನ್ನೊಂದಕ್ಕೆ. ಎರಡಕ್ಕೂ ಒಂದೇ ಭತ್ತ. ಹತ್ತು ದಿನಕ್ಕೆ ಸಸಿ ಕಿತ್ತು, ಬೇರು ತೊಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ನೋಡಿ.