ಎಲ್‌ಎಲ್‌ಆರ್ ಓದು: ಬ್ರೇಕ್ ಲೆಕ್ಕ ಮತ್ತು ಹಿಂದೆ ಕೂತವರು

ಎಲ್‌ಎಲ್‌ಆರ್ ಅಂದರೆ ಗಾಡಿ ಕಲಿಯುವವರ ಲೈಸೆನ್ಸ್. ಅದರ ಪರೀಕ್ಷೆಗೆ ಓದಬೇಕಾದ ರಸ್ತೆ ಚಿಹ್ನೆಗಳ ಪಾಠ ಇಲ್ಲಿ ಬರೆಯುತ್ತಿಲ್ಲ. ದುಂಡಗಿದ್ದರೆ ಆಜ್ಞೆ, ತ್ರಿಕೋನ ಇದ್ದರೆ ಎಚ್ಚರಿಕೆ, ನೀಲಿ ಚೌಕ ಇದ್ದರೆ ಮಾಹಿತಿ. ಸ್ಟಾಪ್ ಮತ್ತು ಗಿವ್ ವೇ ಬೋರ್ಡ್‌ಗಳಿಗೆ ಮಾತ್ರ ಬೇರೆ ಆಕಾರ. ಪಾಸಾಗಲು 60% ಸರಿ ಉತ್ತರ ಸಾಕು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಟೆಸ್ಟ್‌ಗೆ ಹೋಗಬಹುದು.

ವಯಸ್ಸು 18. ಗೇರ್ ಇಲ್ಲದ 50 ಸಿಸಿವರೆಗಿನ ಗಾಡಿಗೆ 16 ಸಾಕು. ಆದರೆ ಮನೆಮನೆಯಲ್ಲಿ ಕಾಣುವ ಸ್ಕೂಟರ್‌ಗಳು ಹೆಚ್ಚಾಗಿ 110, 125 ಸಿಸಿಯವು. ಹಾಗಾಗಿ ‘ಗೇರ್ ಇಲ್ಲವಲ್ಲ, ಓಡಿಸಲಿ ಬಿಡಿ’ ಅನ್ನುವ ಮಾತು ನಡೆಯಲ್ಲ.

ನನ್ನ ತಲೆ ಕೆಡಿಸಿದ್ದು ಬ್ರೇಕ್ ದೂರ. ವೇಗ ಸ್ವಲ್ಪ ಜಾಸ್ತಿಯಾದರೆ ದೂರವೂ ಸ್ವಲ್ಪ ಜಾಸ್ತಿ ಆಗಬೇಕು, ಅಲ್ವಾ? ಇಲ್ಲ. ಗಾಡಿ ನಿಲ್ಲುವ ದೂರದಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತುವವರೆಗೆ ಗಾಡಿ ಓಡುವ ದೂರ. ಎರಡನೆಯದು ಬ್ರೇಕ್ ಹಿಡಿದ ಮೇಲಿನ ದೂರ. ಮೊದಲನೆಯದು ವೇಗದಷ್ಟೇ ಬೆಳೆಯುತ್ತದೆ, ಎರಡನೆಯದು ವೇಗದ ವರ್ಗದಷ್ಟು (ವೇಗವನ್ನು ವೇಗದಿಂದಲೇ ಗುಣಿಸಿದಷ್ಟು).

ಅಂದಾಜಿಗೆ ಒಂದು ಸುಲಭ ದಾರಿ ಇದೆ. ವೇಗದ ಕೊನೆಯ ಸೊನ್ನೆ ತೆಗೆಯಿರಿ. ಗಂಟೆಗೆ 60 ಕಿಮೀ ಇದ್ದರೆ 6. ಮೂರರಿಂದ ಗುಣಿಸಿದರೆ ಮೊದಲ ತುಂಡು, 18 ಮೀಟರ್. ವರ್ಗ ಮಾಡಿ ಅರ್ಧ ಮಾಡಿದರೆ ಎರಡನೆಯದು: 36ರ ಅರ್ಧ, ಮತ್ತೆ 18. ಒಟ್ಟು 36 ಮೀಟರ್. ಇದು ಒಣ ರಸ್ತೆಯಲ್ಲಿ ಬ್ರೇಕ್ ಬಿಗಿಯಾಗಿ ಒತ್ತಿದಾಗಿನ ಲೆಕ್ಕ. ಮಳೆ ಬಂದಿದ್ದರೆ ಅರ್ಧ ಮಾಡಬೇಡಿ, ವರ್ಗವನ್ನು ಹಾಗೇ ಇಟ್ಟುಕೊಳ್ಳಿ.

ಈಗ 80. ಮೊದಲ ತುಂಡು 24, ಎರಡನೆಯದು 64ರ ಅರ್ಧ 32, ಒಟ್ಟು 56. ‘20 ಮೀಟರ್ ಜಾಸ್ತಿ, ಅಷ್ಟೇ ತಾನೆ’ ಅಂತ ಇಲ್ಲೇ ನಿಂತರೆ ಅಸಲು ವಿಷಯ ತಪ್ಪಿಹೋಗುತ್ತದೆ. 60ರಲ್ಲಿ ಬಂದ ಗಾಡಿ ಪೂರ್ತಿ ನಿಂತ ಜಾಗಕ್ಕೆ 80ರ ಗಾಡಿ ಬಂದಾಗ ಅದರ ವೇಗ ಎಷ್ಟಿರುತ್ತದೆ? 20 ಅಂತ ಬಾಯಿಗೆ ಬರುತ್ತದೆ. ಲೆಕ್ಕ ಮಾಡಿ ನೋಡೋಣ. 36 ಮೀಟರ್‌ನಲ್ಲಿ 24 ಬ್ರೇಕ್ ಒತ್ತುವ ಮೊದಲೇ ಹೋಯಿತು. ಬ್ರೇಕ್‌ಗೆ ಸಿಕ್ಕಿದ್ದು 12 ಮೀಟರ್ ಮಾತ್ರ. ಬ್ರೇಕ್ ಹಿಡಿದ ಪ್ರತಿ ಮೀಟರ್‌ಗೂ 8ರ ವರ್ಗವಾದ 64ರಲ್ಲಿ 2 ಕರಗುತ್ತದೆ (64 ಕರಗಲು 32 ಮೀಟರ್ ಬೇಕಲ್ಲ, ಅದಕ್ಕೆ). 12 ಮೀಟರ್‌ಗೆ 24 ಹೋಯಿತು, 40 ಉಳಿಯಿತು. ಅದರ ವರ್ಗಮೂಲ 6.3, ತೆಗೆದ ಸೊನ್ನೆಯ ಲೆಕ್ಕಕ್ಕೆ ಹತ್ತರಿಂದ ಗುಣಿಸಿದರೆ ಗಂಟೆಗೆ ಸುಮಾರು 63 ಕಿಮೀ! ಮೊದಲ ಗಾಡಿ ನಿಂತಿದೆ, ಎರಡನೆಯದು 63ರಲ್ಲಿ ಗುದ್ದುತ್ತಿದೆ. ಊರೊಳಗಿನ ವೇಗಕ್ಕೂ ಇದೇ ಕಥೆ. 40 ಮತ್ತು 50 ಇಟ್ಟುಕೊಂಡು ನೀವೇ ಮಾಡಿ, 39ರ ಹತ್ತಿರ ಬರಬೇಕು.

ಮುಂದಿನ ಗಾಡಿಯಿಂದ ಎರಡು ಸೆಕೆಂಡಿನ ಅಂತರ ಇಡಿ ಅನ್ನುವುದು ಮೊದಲ ತುಂಡಿಗೆ ಜಾಗ ಸಿಗಲಿ ಅಂತ. ಮೊಬೈಲ್ ನೋಡುತ್ತಿದ್ದರೆ ಉದ್ದವಾಗುವುದೂ ಆ ತುಂಡೇ.

ಹಿಂದೆ ಕೂತವರಿಗೂ ಇದೇ ವರ್ಗ ಅನ್ವಯಿಸುತ್ತದೆ. ಕಾರು ಗುದ್ದಿ ನಿಂತರೂ ಬೆಲ್ಟ್ ಹಾಕದವರ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. 60 ಕಿಮೀ ಅಂದರೆ ಸುಮಾರು 14 ಮೀಟರ್, ನಾಲ್ಕು ಮಹಡಿ ಎತ್ತರದಿಂದ ಬಿದ್ದಷ್ಟು ಹೊಡೆತ. ಅದು ಮುಂದೆ ಕೂತವರ ಬೆನ್ನಿಗೂ ಬೀಳುತ್ತದೆ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ. ಸುಮ್ನೆ ಕೂತವರು ‘ನಿಧಾನ ಹೋಗೋ’ ಅಂದರೆ ಹೆದರುಪುಕ್ಕಲು ಅನ್ನಿಸಿಕೊಳ್ಳಬೇಕಿಲ್ಲ, ಮೇಲಿನ 63 ತೋರಿಸಿ.

ಬೈಕಿನಲ್ಲಿ ಹಿಂದೆ ಒಬ್ಬರೇ. 4 ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್. ಎಲ್‌ಎಲ್‌ಆರ್ ಸಿಕ್ಕ ಮರುದಿನ ಗೆಳೆಯನನ್ನು ಕೂರಿಸಿಕೊಂಡು ಸುತ್ತಬಹುದಾ? ಆಗಲ್ಲ. ಡಿಎಲ್ ಇದ್ದು, ಕಲಿಸುವುದಕ್ಕೆ ಅಂತ ಕೂತವರು ಮಾತ್ರ ಹಿಂದೆ ಇರಬಹುದು. ಗಾಡಿಯ ಮುಂದೂ ಹಿಂದೂ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಇರಬೇಕು.