ಒಂದು ಕಮಿಟ್‌ಗೆ ಒಂದೇ ಕೆಲಸ: ಗಿಟ್ ಕಲಿಯುವವರಿಗೆ ನನ್ನ ಟಿಪ್ಪಣಿ

ಉಡುಪಿಯಲ್ಲಿ ನಾವು ನಾಲ್ಕೈದು ಜನ ಭಾನುವಾರ ಸೇರಿ ಗಿಟ್ ಕಲಿಯುತ್ತಿದ್ದೇವೆ. ಗಿಟ್ ಅಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ, ಒಂದು ಸಲ ದಾಖಲಿಸಿದ ಬದಲಾವಣೆಗಳ ಕಟ್ಟೇ ಕಮಿಟ್. ಅಭ್ಯಾಸಕ್ಕೆ ಅಂತ ಉಡುಪಿ–ಮಂಗಳೂರು ಬಸ್ಸಿನ ಸಮಯ ತೋರಿಸುವ ಚಿಕ್ಕ ಆ್ಯಪ್ ಮಾಡುತ್ತಿದ್ದೇವೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ಟಿಪ್ಪಣಿ ಶುರು.

"09:40" ಅಂತ ಕಾಣುತ್ತಿದ್ದ ಸಮಯವನ್ನು "9:40" ಮಾಡಬೇಕಿತ್ತು. ಮುಂದಿನ ಸೊನ್ನೆ ತೆಗೆದೆ. ಆದರೆ ಅದೇ ಕಮಿಟ್‌ನಲ್ಲಿ ಫಾರ್ಮ್ಯಾಟರ್ (ಕೋಡಿನ ಜೋಡಣೆಯನ್ನು ತಾನೇ ಅಚ್ಚುಕಟ್ಟು ಮಾಡುವ ಸಾಧನ) ಓಡಿಸಿ ಎಲ್ಲ ಫೈಲ್‌ಗಳ ಸ್ಪೇಸ್ ಸರಿಮಾಡಿದ್ದೆ, ಎರಡು ಫೈಲ್‌ಗೆ ಹೊಸ ಹೆಸರು ಕೊಟ್ಟಿದ್ದೆ, ಎಲ್ಲ ಸೇರಿ 1,400 ಸಾಲು ಆಗಿತ್ತು. ರಿವ್ಯೂ ಮಾಡಿದ, ಅಂದರೆ ಬದಲಾವಣೆಯನ್ನು ಓದಿ ಪರಿಶೀಲಿಸಿದ, ಗೆಳತಿ ಒಪ್ಪಿಗೆ ಕೊಟ್ಟಳು. ಅಷ್ಟು ಸಾಲುಗಳ ನಡುವೆ ಆ ಒಂದು ಸಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ವಾರದ ಮೇಲೆ ನೋಡಿದರೆ ಪಟ್ಟಿಯಲ್ಲಿ 10:15ರ ಬಸ್ಸು 9:40ರ ಬಸ್ಸಿಗಿಂತ ಮೇಲೆ! ಬೇರೆ ಫೈಲ್‌ನಲ್ಲಿದ್ದ ಕೋಡ್ ಸಮಯವನ್ನು ಬರೀ ಅಕ್ಷರ ಅಂತ ನೋಡಿ ಜೋಡಿಸುತ್ತಿತ್ತು. ಸೊನ್ನೆ ಇರುವವರೆಗೆ ಸರಿಯಿತ್ತು, ಅದು ಹೋದ ಮೇಲೆ 1 ಅನ್ನೋದು 9ಕ್ಕಿಂತ ಮೊದಲು ಬಂತು.

ತಪ್ಪು ಯಾವ ಕಮಿಟ್‌ನಿಂದ ಬಂತು ಅಂತ ಹುಡುಕಲು ಗಿಟ್ ಬೈಸೆಕ್ಟ್ (git bisect) ಬಳಸಿದೆವು. ಅದು ಪ್ರತಿ ಸಲ ಉಳಿದ ಕಮಿಟ್‌ಗಳನ್ನು ಅರ್ಧ ಮಾಡುತ್ತಾ ಹೋಗುತ್ತದೆ, ಹಾಗಾಗಿ 1,000 ಕಮಿಟ್ ಇದ್ದರೂ ಸುಮಾರು 10 ಸಲ ಪರೀಕ್ಷಿಸಿದರೆ ಸಾಕು. ನಮ್ಮಲ್ಲಿದ್ದದ್ದು 60, ಆರೇ ಸಲಕ್ಕೆ ಸಿಕ್ಕಿತು. ಸಿಕ್ಕಿದ್ದು ಯಾವುದು? ನನ್ನ 1,400 ಸಾಲಿನ ಕಮಿಟ್. ಅದರೊಳಗೆ ಎಲ್ಲಿ ಅಂತ ಬೈಸೆಕ್ಟ್ ಹೇಳುವುದಿಲ್ಲ. ಪೂರ್ತಿ ರಿವರ್ಟ್ ಮಾಡೋಣ, ಅಂದರೆ ಆ ಕಮಿಟ್ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸೋಣ ಅಂದರೆ ಒಳ್ಳೆಯ ಬದಲಾವಣೆಗಳೂ ಹೋಗುತ್ತವೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಹಾಗಾದರೆ ಎಷ್ಟು ಚಿಕ್ಕದಿರಬೇಕು? ಗೂಗಲ್ ಎಲ್ಲರಿಗೂ ಓದಲು ಪ್ರಕಟಿಸಿರುವ ರಿವ್ಯೂ ಮಾರ್ಗಸೂಚಿ 100 ಸಾಲು ಸಾಮಾನ್ಯವಾಗಿ ಸರಿ, 1,000 ಸಾಮಾನ್ಯವಾಗಿ ಜಾಸ್ತಿ ಅನ್ನುತ್ತದೆ. ನನಗೆ ಸಾಲಿನ ಲೆಕ್ಕಕ್ಕಿಂತ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವವರ ನಿಯಮ ಹೆಚ್ಚು ಹಿಡಿಸಿತು: ಒಂದು ಪ್ಯಾಚ್‌ನಲ್ಲಿ (ಕಳಿಸುವ ಒಂದು ಬದಲಾವಣೆಯಲ್ಲಿ) ಒಂದೇ ವಿಷಯ, ಮತ್ತು ಪ್ರತಿ ಪ್ಯಾಚ್ ಹಾಕಿದ ಮೇಲೂ ಕರ್ನಲ್ ಬಿಲ್ಡ್ ಆಗಿ ಓಡಬೇಕು. ಕೋಡನ್ನು ಒಂದು ಫೈಲ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಅದನ್ನು ತಿದ್ದಲೇಬಾರದು, ತಿದ್ದೋದು ಬೇರೆ ಪ್ಯಾಚ್. ಸಾಲಿನ ಲೆಕ್ಕವೊಂದನ್ನೇ ನಂಬುವಂತಿಲ್ಲ: 500 ಸಾಲು ಸುಮ್ನೆ ಅಳಿಸಿದ್ದನ್ನು ನೋಡಲು ಎರಡು ನಿಮಿಷ ಸಾಕು, ಹನ್ನೆರಡು ಸಾಲಿನ ಲಾಗಿನ್ ಕೋಡ್‌ಗೆ ಅರ್ಧ ಗಂಟೆ ಬೇಕಾಗಬಹುದು.

ಶಂಕರಪುರ ಮಲ್ಲಿಗೆಯ ಲೆಕ್ಕ ನಮ್ಮ ಕಡೆಯವರಿಗೆ ಗೊತ್ತಲ್ವಾ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಾನು ಕಮಿಟ್ಟನ್ನು ಚೆಂಡು ಅಂತಲೂ ಪುಲ್ ರಿಕ್ವೆಸ್ಟನ್ನು (ಕಮಿಟ್‌ಗಳನ್ನು ಸೇರಿಸಿಕೊಳ್ಳಿ ಅಂತ ಒಟ್ಟಿಗೆ ಕಳಿಸುವ ಕೋರಿಕೆ) ಅಟ್ಟೆ ಅಂತಲೂ ನೆನಪಿಟ್ಟುಕೊಂಡಿದ್ದೇನೆ. ಒಂದು ಚೆಂಡು ಬಾಡಿದ್ದರೆ ಅದೊಂದನ್ನೇ ತೆಗೆದಿಡಬಹುದು.

ಕೆಲಸ ಮಾಡುವಾಗ ಎಲ್ಲ ಕಲಸಿಹೋಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಕಮಿಟ್‌ಗೆ ಏನು ಸೇರಬೇಕು ಅಂತ ಆರಿಸುವ ಗಿಟ್ ಆಡ್ ಜೊತೆ ಡ್ಯಾಶ್ ಪಿ ಹಾಕಿದರೆ (git add -p) ಬದಲಾವಣೆಯನ್ನು ತುಂಡು ತುಂಡಾಗಿ ತೋರಿಸಿ ಇದು ಬೇಕಾ ಅಂತ ಕೇಳುತ್ತದೆ. ವೈ ಅಂದರೆ ಬೇಕು, ಎನ್ ಅಂದರೆ ಬೇಡ, ಎಸ್ ಅಂದರೆ ಆಗುವಷ್ಟು ಇನ್ನೂ ಚಿಕ್ಕದು ಮಾಡು. ಇಲ್ಲಿ ಒಂದು ಎಚ್ಚರ ಬೇಕು. ಅರ್ಧ ಮಾತ್ರ ಆರಿಸಿದಾಗ ನೀವು ಓಡಿಸಿ ನೋಡಿದ ಕೋಡ್ ಬೇರೆ, ಕಮಿಟ್ ಆಗುವ ಕೋಡ್ ಬೇರೆ. ಗಿಟ್ ಸ್ಟ್ಯಾಶ್‌ಗೆ ಕೀಪ್-ಇಂಡೆಕ್ಸ್ ಸೇರಿಸಿ (git stash --keep-index) ಉಳಿದದ್ದನ್ನು ಬದಿಗಿಟ್ಟು, ಟೆಸ್ಟ್ ಓಡಿಸಿ, ಆಮೇಲೆ ಕಮಿಟ್ ಮಾಡಿ.

ಅತಿಯಾಗಿ ಒಡೆಯುವುದೂ ಕಷ್ಟವೇ. ಒಂದು ಫಂಕ್ಷನ್ ಮಾತ್ರ ಕಳಿಸಿ ಅದನ್ನು ಬಳಸುವ ಕೋಡ್ ಮುಂದಿನ ವಾರ ಅಂದರೆ, ಅದು ಎಂತಕ್ಕೆ ಅಂತ ನೋಡುವವರಿಗೆ ತಿಳಿಯುವುದಿಲ್ಲ. ಟೆಸ್ಟ್ ಕೂಡ ಅದರ ಬದಲಾವಣೆಯ ಜೊತೆಗೇ ಬರಲಿ.

ನಿನ್ನೆ ಆ 1,400 ಸಾಲನ್ನು ನಾಲ್ಕು ಕಮಿಟ್ ಮಾಡಿ ಮತ್ತೆ ಕಳಿಸಿದೆ. ಮೊದಲು ಫಾರ್ಮ್ಯಾಟರ್, ಆಮೇಲೆ ಫೈಲ್ ಹೆಸರು, ಆಮೇಲೆ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಜೋಡಿಸುವ ಕೋಡ್, ಕೊನೆಗೆ ಸೊನ್ನೆ ತೆಗೆಯುವ ಒಂದೇ ಸಾಲು. ಗೆಳತಿ ಆ ಕೊನೆಯ ಸಾಲಿನ ಕೆಳಗೆ ಬರೆದಳು: "ಮಾರಾಯ, ರಾತ್ರಿ 00:15ರ ಬಸ್ಸು ಸೇರಿಸಿದರೆ ಎರಡೂ ಸೊನ್ನೆ ಹೋಗಿ ಬರೀ :15 ಅಂತ ಕಾಣ್ತದಲ್ವಾ?"

ಹೌದು, ಕಾಣುತ್ತಿತ್ತು.