ಒಳಗೆ ಹೋದ ಹಣ ಹೊರಬರುವ ದಾರಿ: ಏಷ್ಯಾದ ಪ್ರೈವೇಟ್ ಈಕ್ವಿಟಿ ಮೈಸೂರಿನ ಹಜಾರದವರೆಗೆ

ಮದ್ದೂರಿನ ಕಡೆ ಹೆದ್ದಾರಿಗೆ ಜಮೀನು ಬಿಟ್ಟುಕೊಟ್ಟು, ಪರಿಹಾರದ ಹಣವನ್ನು ಠೇವಣಿ ಇಟ್ಟು, ಈಗ ಮೈಸೂರಿನ ಕುವೆಂಪುನಗರದಲ್ಲಿ ಮಗನ ಮನೆಯಲ್ಲಿರುವ ಪರಿಚಿತರೊಬ್ಬರು ಈಚೆಗೆ ಒಂದು ದಪ್ಪ ಕಡತ ಹಿಡಿದು ಬಂದರು. ಅವರಿಗೆ 66 ವರ್ಷ. ಠೇವಣಿ ನವೀಕರಿಸಲು ಬ್ಯಾಂಕಿಗೆ ಹೋದಾಗ ಅಲ್ಲಿನ ರಿಲೇಶನ್‌ಶಿಪ್ ಮ್ಯಾನೇಜರ್ ಕೈಗಿತ್ತ ಕಡತವದು. ಮೊದಲ ಪುಟದಲ್ಲಿ ‘ಪ್ರೈವೇಟ್ ಪ್ಲೇಸ್‌ಮೆಂಟ್ ಮೆಮೊರಾಂಡಮ್’ ಎಂದಿತ್ತು, ಅಂದರೆ ಪ್ರೈವೇಟ್ ಈಕ್ವಿಟಿ ಫಂಡೊಂದಕ್ಕೆ ಆಯ್ದವರನ್ನಷ್ಟೇ ಕರೆಯುವ ವಿವರಪತ್ರ. ಕನಿಷ್ಠ ಹೂಡಿಕೆ ₹1 ಕೋಟಿ, ಅವಧಿ 8 ವರ್ಷ, ಬೇಕಾದರೆ ಇನ್ನೆರಡು ವರ್ಷ ವಿಸ್ತರಣೆ. ವಿಸ್ತರಣೆಯ ಸಾಲಿನ ಪಕ್ಕದಲ್ಲಿ ಅವರು ಪೆನ್ಸಿಲಿನಿಂದ 76 ಎಂದು ಬರೆದುಕೊಂಡಿದ್ದರು. “ಇದು ಚೀಟಿ ಥರವಾ, ಷೇರಿನ ಥರವಾ, ವಸಿ ಬಿಡಿಸಿ ಹೇಳಿ” ಎಂದರು.

ಬಿಡಿಸಿ ಹೇಳಲು ಕೂತರೆ ಮೈಸೂರಿನಿಂದ ಹೊರಟು ಸೋಲ್, ಟೋಕಿಯೊ, ಸಿಂಗಪುರ, ಮುಂಬಯಿಗಳನ್ನು ಸುತ್ತಿ ಮತ್ತೆ ಮೈಸೂರಿಗೇ ಬರಬೇಕಾಗುತ್ತದೆ.

ಮೊದಲು ಚೀಟಿಯ ಮಾತು. ಇಪ್ಪತ್ತು ಜನ ಸೇರಿ ಇಪ್ಪತ್ತು ತಿಂಗಳ ಚೀಟಿ ಹಾಕಿದರೆ, ತಿಂಗಳಿಗೊಬ್ಬರು ಕೂಗಿ ಎತ್ತುತ್ತಾರೆ, ಫೋರ್‌ಮನ್ ತನ್ನ ಕಮಿಷನ್ ಹಿಡಿದುಕೊಳ್ಳುತ್ತಾನೆ, ಇಪ್ಪತ್ತನೆಯ ತಿಂಗಳು ಲೆಕ್ಕ ಮುಗಿಯುತ್ತದೆ. ಕಮಿಷನ್‌ಗೆ ಕಾನೂನಿನ ಮಿತಿಯಿದೆ. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ 5% ಇದ್ದದ್ದು 2019ರ ತಿದ್ದುಪಡಿಯಲ್ಲಿ 7% ಆಯಿತು. ಪ್ರೈವೇಟ್ ಈಕ್ವಿಟಿ ಫಂಡಿನಲ್ಲಿಯೂ ಹತ್ತಾರು ಜನರ ಹಣ ಒಂದೆಡೆ ಸೇರುತ್ತದೆ, ಅದನ್ನು ನಡೆಸುವ ಮ್ಯಾನೇಜರ್ ಇರುತ್ತಾನೆ. ವ್ಯತ್ಯಾಸವೆಂದರೆ ಇಲ್ಲಿ ಸೇರಿದ ಹಣ ಷೇರುಪೇಟೆಯಲ್ಲಿ ಇನ್ನೂ ನೋಂದಾಯಿಸದ ಕಂಪನಿಗಳ ಪಾಲು ಕೊಳ್ಳಲು ಹೋಗುತ್ತದೆ. ಒಪ್ಪಿಕೊಂಡ ಮೊತ್ತವನ್ನು ಒಟ್ಟಿಗೆ ಕಟ್ಟಬೇಕಾಗಿಲ್ಲ, ಮ್ಯಾನೇಜರ್ ಕರೆದಾಗಲೆಲ್ಲ ಕಂತಿನಲ್ಲಿ ಕಟ್ಟಬೇಕು. ವರ್ಷಕ್ಕೆ ಸುಮಾರು 2% ನಿರ್ವಹಣಾ ಶುಲ್ಕ, ಒಪ್ಪಿದ ಮಟ್ಟ ಮೀರಿದ ಲಾಭದಲ್ಲಿ ಸುಮಾರು 20% ಪಾಲು ಮ್ಯಾನೇಜರಿಗೆ ಎಂಬುದು ಜಗತ್ತಿನ ರೂಢಿ. ಕೊಂಡ ಕಂಪನಿಯನ್ನು ಬೆಳೆಸಿ ಇನ್ನೊಬ್ಬರಿಗೆ ಮಾರಿದಾಗ ಮಾತ್ರ ಹೂಡಿದವರ ಕೈಗೆ ಹಣ ಬರುತ್ತದೆ. ಈ ಮಾರಾಟಕ್ಕೆ ವ್ಯವಹಾರದಲ್ಲಿ ‘ಎಕ್ಸಿಟ್’ ಎನ್ನುತ್ತಾರೆ. ಏಷ್ಯಾದ ಈ ಉದ್ಯಮದ ಮೂವತ್ತು ವರ್ಷಗಳ ಸಂಕಟವೆಲ್ಲ ಈ ಒಂದು ಪದದ ಸುತ್ತಲೇ ಇದೆ.

ದೀರ್ಘಕಾಲದ ಹಣ ನಮ್ಮ ಪ್ರಾಂತ್ಯಕ್ಕೆ ಹೊಸದಲ್ಲ. 1913ರ ಮೈಸೂರು ಬ್ಯಾಂಕಿನಿಂದ 1933ರ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯವರೆಗೆ ಸಂಸ್ಥಾನವೇ ಹೂಡಿಕೆದಾರನಾಗಿತ್ತು, ಅದಕ್ಕೆ ಹೊರಹೋಗುವ ಅವಸರವಿರಲಿಲ್ಲ. ಸ್ವಾತಂತ್ರ್ಯಾನಂತರ ಆ ಕೆಲಸ ಸರ್ಕಾರಿ ಹಣಕಾಸು ಸಂಸ್ಥೆಗಳ ಪಾಲಾಯಿತು, 1988ರಲ್ಲಿ ಬೆಂಗಳೂರಿನಲ್ಲಿ ಐಸಿಐಸಿಐ ಮತ್ತು ಯುಟಿಐ ಸೇರಿ, ಹೊಸ ಉದ್ಯಮಗಳಿಗೆ ಹಣ ಹೂಡುವ ಸಾಹಸ ಬಂಡವಾಳದ ಸಂಸ್ಥೆ ಕಟ್ಟಿದವು, 1996ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಈ ಸಾಹಸ ಬಂಡವಾಳಕ್ಕೆ, ಅಂದರೆ ವೆಂಚರ್ ಕ್ಯಾಪಿಟಲ್‌ಗೆ ನಿಯಮ ತಂದಿತು.

ಏಷ್ಯಾದಲ್ಲಿ ಈ ಹಣದ ನಿಜವಾದ ಪ್ರವೇಶವಾದದ್ದು ಬಿಕ್ಕಟ್ಟಿನ ಬಾಗಿಲಿನಿಂದ. 1997ರ ಜುಲೈನಲ್ಲಿ ಥಾಯ್ಲೆಂಡಿನ ಬಾತ್ ಕುಸಿದು, ಬೆಂಕಿ ಇಂಡೊನೇಷ್ಯಾ, ಕೊರಿಯಾಗಳಿಗೆ ಹಬ್ಬಿದಾಗ, ಸರ್ಕಾರಗಳು ತಮ್ಮ ತಲೆಯ ಮೇಲೆ ಬಿದ್ದ ಬ್ಯಾಂಕುಗಳನ್ನು ಮಾರಲು ಮುಂದಾದವು. ಅಮೆರಿಕದ ಪ್ರೈವೇಟ್ ಈಕ್ವಿಟಿ ಸಂಸ್ಥೆ ನ್ಯೂಬ್ರಿಡ್ಜ್, ಕೊರಿಯಾ ಫಸ್ಟ್ ಬ್ಯಾಂಕಿನ ಹಿಡಿತ ಪಡೆದು, 2005ರಲ್ಲಿ ಅದನ್ನು ಸ್ಟ್ಯಾಂಡರ್ಡ್ ಚಾರ್ಟರ್ಡ್‌ಗೆ ಮಾರಿತು. ಆ ಮಾರಾಟದಲ್ಲಿ ಇಡೀ ಬ್ಯಾಂಕಿನ ಬೆಲೆ 330 ಕೋಟಿ ಡಾಲರ್. ಜಪಾನಿನಲ್ಲಿ ಮುಳುಗಿದ ದೀರ್ಘಾವಧಿ ಸಾಲದ ಬ್ಯಾಂಕನ್ನು ಅಮೆರಿಕದ್ದೇ ಆದ ರಿಪಲ್‌ವುಡ್ ನೇತೃತ್ವದ ಗುಂಪು ಕೊಂಡು ಶಿನ್ಸೆ ಎಂದು ಹೊಸ ಹೆಸರಿಟ್ಟಿತು. ಬ್ಯಾಂಕುಗಳು ಉಳಿದವು, ಕೊಂಡವರಿಗೆ ಲಾಭವೂ ಬಂತು. ಆದರೆ ತೆರಿಗೆದಾರರ ಹಣದಿಂದ ಮೇಲೆತ್ತಿದ ಬ್ಯಾಂಕಿನ ಲಾಭ ಹೊರದೇಶಕ್ಕೆ ಹೋಯಿತೆಂಬ ಅಸಮಾಧಾನ ಕೊರಿಯಾದಲ್ಲಿ ಬಹುಕಾಲ ಉಳಿಯಿತು.

ಭಾರತದ ಪ್ರಸಂಗ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಅದೇ. ಇಲ್ಲಿ ಆಸೆ ಹುಟ್ಟಿಸಿದ್ದು ಒಂದು ಟೆಲಿಫೋನ್ ಕಂಪನಿ. ಅಮೆರಿಕದ ಪ್ರೈವೇಟ್ ಈಕ್ವಿಟಿ ಸಂಸ್ಥೆ ವಾರ್ಬರ್ಗ್ ಪಿಂಕಸ್ 1999ರಿಂದ 2001ರ ನಡುವೆ ಏರ್‌ಟೆಲ್‌ನ ಭಾರ್ತಿಯಲ್ಲಿ ಸುಮಾರು 30 ಕೋಟಿ ಡಾಲರ್ ಹೂಡಿ, 2005ರ ಹೊತ್ತಿಗೆ ಪಾಲು ಮಾರಿ 150 ಕೋಟಿ ಡಾಲರಿಗೂ ಹೆಚ್ಚು ಪಡೆಯಿತು. ಅದೇ ವರ್ಷ ಕಟ್ಟಡ ನಿರ್ಮಾಣ ವಲಯಕ್ಕೆ ವಿದೇಶಿ ನೇರ ಹೂಡಿಕೆಯ ಬಾಗಿಲನ್ನು ಸರ್ಕಾರ ದೊಡ್ಡದಾಗಿ ತೆರೆಯಿತು. 2005ರಿಂದ 2008ರವರೆಗೆ ಮುಂಬಯಿ, ಬೆಂಗಳೂರುಗಳಿಗೆ ಬಂದ ಫಂಡುಗಳಿಗೆ ಕೊಳ್ಳಲು ಕಂಪನಿ ಸಾಲದಾಗಿತ್ತು, ಬೆಲೆ ಏರುತ್ತಲೇ ಹೋಯಿತು.

ಆ ಕಾಲದ ಹೂಡಿಕೆಗಳಲ್ಲಿ ಎರಡು ದೋಷಗಳು ಆರಂಭದಲ್ಲೇ ಇದ್ದವು. ಮೊದಲನೆಯದು ಹಿಡಿತದ ಪ್ರಶ್ನೆ. ಭಾರತದ ಕಂಪನಿಗಳು ಬಹುಪಾಲು ಕುಟುಂಬದ ಕೈಯಲ್ಲಿದ್ದವು, ಪ್ರವರ್ತಕರು ಮಾರಲು ಸಿದ್ಧರಿದ್ದದ್ದು ಸಣ್ಣ ಪಾಲನ್ನು ಮಾತ್ರ. ಕಂಪನಿಯನ್ನೇ ಕೊಳ್ಳಲು ಸಾಲ ಕೊಡಲು ಇಲ್ಲಿನ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿಯಿರಲಿಲ್ಲ. ಹೀಗಾಗಿ ಹಣ ಕೊಟ್ಟವನು ಬೋರ್ಡಿನಲ್ಲಿ ಒಂದು ಕುರ್ಚಿ ಪಡೆದ, ಆದರೆ ಮಾರಾಟ ಯಾವಾಗ ಎಂಬ ತೀರ್ಮಾನ ಅವನ ಕೈಯಲ್ಲಿರಲಿಲ್ಲ. ಎರಡನೆಯದು ರೂಪಾಯಿ. 2008ರ ಆರಂಭದಲ್ಲಿ ಡಾಲರಿಗೆ ಸುಮಾರು ₹40 ಇದ್ದದ್ದು 2013ರ ಆಗಸ್ಟಿನಲ್ಲಿ ₹68 ಮುಟ್ಟಿತು. ₹40 ಹೂಡಿದವನು ಐದು ವರ್ಷ ಕಾದು ₹68 ಪಡೆದರೂ ಅವನ ಡಾಲರ್ ಲೆಕ್ಕದಲ್ಲಿ ಬಿಡಿಗಾಸೂ ಲಾಭವಿಲ್ಲ. ಅಮೆರಿಕ, ಕೆನಡಾಗಳ ಪಿಂಚಣಿ ನಿಧಿಗಳಿಗೆ ಭಾರತವೆಂದರೆ ಹಣ ಒಳಗೆ ಹೋಗುವ ಆದರೆ ಹೊರಬರದ ದೇಶ ಎಂಬ ಹೆಸರು ಬಂದದ್ದು ಆಗಲೇ.

ಹಿಡಿತ ಸಿಕ್ಕರೂ ಲಾಭ ಖಚಿತವಲ್ಲ ಎಂಬುದಕ್ಕೆ ಒಂದು ಉದಾಹರಣೆ ಮನೆಯ ಹತ್ತಿರವೇ ಇದೆ. ಬೆಂಗಳೂರಿನ ಸಿದ್ಧ ಉಡುಪು ಕಂಪನಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ನ ಬಹುಪಾಲನ್ನು 2007ರಲ್ಲಿ ನ್ಯೂಯಾರ್ಕಿನ ಪ್ರೈವೇಟ್ ಈಕ್ವಿಟಿ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಷೇರಿಗೆ ₹275ರಂತೆ ಕೊಂಡಿತು. ಮರುವರ್ಷ ಜಾಗತಿಕ ಕುಸಿತ ಬಂತು, ವಿದೇಶಿ ಬೇಡಿಕೆ ಇಳಿಯಿತು. ಹತ್ತು ವರ್ಷಗಳ ನಂತರ, 2017ರಲ್ಲಿ, ಅದು ಹೊರಹೋದದ್ದು ಷೇರಿಗೆ ₹42ರಂತೆ. ಆ ಕಂಪನಿಯ ಒಂದು ಘಟಕ ಶ್ರೀರಂಗಪಟ್ಟಣದಲ್ಲಿತ್ತು. 2020ರ ಜೂನ್‌ನಲ್ಲಿ ಕೋವಿಡ್‌ನ ಮಧ್ಯೆ ಅದು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಬಹುಪಾಲು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು, ಕಾರ್ಖಾನೆಯ ಬಾಗಿಲಲ್ಲಿ ವಾರಗಟ್ಟಲೆ ಕೂತದ್ದು ಮಂಡ್ಯದವರಿಗೆ ನೆನಪಿರುತ್ತದೆ. ಫಂಡು ಹೊರಹೋಗಿ ಮೂರು ವರ್ಷವಾಗಿದ್ದರಿಂದ ಆ ಎರಡಕ್ಕೂ ನೇರ ಗಂಟು ಹಾಕುವುದು ಸರಿಯಲ್ಲ. ಆದರೆ ನ್ಯೂಯಾರ್ಕಿನಲ್ಲಿ ಒಂದು ಸಾಲಿನ ನಷ್ಟವಾಗಿ ಬರೆದಿಡುವ ಕಂಪನಿಯೊಳಗೆ ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯುವ ಜನರಿರುತ್ತಾರೆ ಎಂಬುದನ್ನು ಈ ಕಥೆ ಹೇಳುವಾಗ ಬಿಡಲಾಗದು.

ಇಂಥ ವರ್ಷಗಳ ನಡುವೆಯೇ, 2012ರ ಮೇ ತಿಂಗಳಲ್ಲಿ, ಸೆಬಿ ಪ್ರೈವೇಟ್ ಈಕ್ವಿಟಿ ಫಂಡುಗಳನ್ನೂ ಒಳಗೊಂಡ ಪರ್ಯಾಯ ಹೂಡಿಕೆ ನಿಧಿಗಳ (ಎಐಎಫ್) ನಿಯಮಾವಳಿ ತಂದಿತು. ನಮ್ಮ ಪರಿಚಿತರ ಕಡತದಲ್ಲಿದ್ದ ‘ಎಐಎಫ್’ ಎಂಬ ಮೂರಕ್ಷರ ಹುಟ್ಟಿದ್ದು ಅಲ್ಲಿ. ಕನಿಷ್ಠ ಹೂಡಿಕೆಯನ್ನು ₹1 ಕೋಟಿಗೆ ನಿಲ್ಲಿಸಿದ್ದರ ಹಿಂದಿನ ತರ್ಕ ಸರಳ: ಅಷ್ಟು ಹಣ ಒಂದೆಡೆ ಇಡಬಲ್ಲವನಿಗೆ ಅದನ್ನು ಕಳೆದುಕೊಳ್ಳುವ ಶಕ್ತಿಯೂ, ತಿಳಿದವರನ್ನು ಕೇಳುವ ಅನುಕೂಲವೂ ಇರುತ್ತದೆ. 2012ರಲ್ಲಿ ಅದು ಸರಿಯಾಗಿತ್ತೇನೋ. ಹೆದ್ದಾರಿ, ಬಡಾವಣೆ, ಕೈಗಾರಿಕೆಗಳಿಗೆ ನೆಲ ಕೊಟ್ಟು ಒಂದೇ ಚೆಕ್ಕಿನಲ್ಲಿ ಕೋಟಿ ಕಂಡ, ಆದರೆ ಅದರ ಹೊರತು ಬೇರೆ ಆದಾಯವಿಲ್ಲದ ಕುಟುಂಬಗಳನ್ನು ಆ ಗೆರೆ ಎಳೆಯುವಾಗ ಯಾರೂ ಎದುರಿಗಿಟ್ಟುಕೊಂಡಂತೆ ಕಾಣುವುದಿಲ್ಲ. 2015ರ ಬಜೆಟ್ಟಿನಲ್ಲಿ, ಪ್ರೈವೇಟ್ ಈಕ್ವಿಟಿಯೂ ಸೇರಿದ ಮೊದಲೆರಡು ವರ್ಗದ ಎಐಎಫ್‌ಗಳಿಗೆ ತೆರಿಗೆಯ ತೊಡಕು ನಿವಾರಣೆಯಾಯಿತು. 2025ರ ಹೊತ್ತಿಗೆ ಇಂಥ ನಿಧಿಗಳಿಗೆ ಹೂಡಿಕೆದಾರರು ಒಪ್ಪಿಕೊಂಡ ಮೊತ್ತ ₹13 ಲಕ್ಷ ಕೋಟಿ ದಾಟಿತ್ತು.

2016ರ ನಂತರದ ಕಥೆ ಹೆಚ್ಚಿನವರಿಗೆ ಗೊತ್ತು. ಜಪಾನಿನ ಸಾಫ್ಟ್‌ಬ್ಯಾಂಕ್ 2017ರಲ್ಲಿ ಸುಮಾರು 10,000 ಕೋಟಿ ಡಾಲರಿನ ನಿಧಿ ಕಟ್ಟಿತು, 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ 77% ಕೊಂಡಿತು, ಭಾರತದಲ್ಲಿಯೂ ಎಕ್ಸಿಟ್ ಸಾಧ್ಯ ಎಂಬ ನಂಬಿಕೆ ಮರಳಿತು. ಹಣ ಆಗ ಹೆಚ್ಚು ಹರಿಯುತ್ತಿದ್ದದ್ದು ಚೀನಾಕ್ಕೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಆನ್‌ಲೈನ್ ಹಣಪಾವತಿ ಕಂಪನಿ ಆ್ಯಂಟ್‌ನ ಷೇರು ಬಿಡುಗಡೆ ಕೊನೆಯ ಗಳಿಗೆಯಲ್ಲಿ ನಿಂತಿತು, 2021ರ ಜುಲೈನಲ್ಲಿ ಅಲ್ಲಿನ ಖಾಸಗಿ ಮನೆಪಾಠ ಉದ್ಯಮಕ್ಕೆ ಲಾಭ ಮಾಡುವುದನ್ನೇ ನಿಷೇಧಿಸಲಾಯಿತು. 2022ರಿಂದ ಅಮೆರಿಕದ ಬಡ್ಡಿದರ ಸೊನ್ನೆಯ ಹತ್ತಿರದಿಂದ 5% ದಾಟಿ ಏರಿದಾಗ ಸಾಲ ಮಾಡಿ ಕಂಪನಿ ಕೊಳ್ಳುವ ಲೆಕ್ಕವೇ ತಲೆಕೆಳಗಾಯಿತು. ಏಷ್ಯಾದ ಹಣ ಜಪಾನ್ ಮತ್ತು ಭಾರತಗಳ ಕಡೆ ಮುಖ ಮಾಡಿತು. ಜಪಾನಿನಲ್ಲಿ ತೋಷಿಬಾದಂಥ ಹಳೆಯ ದೈತ್ಯ 2023ರಲ್ಲಿ ಷೇರುಪೇಟೆಯಿಂದ ಹೊರಬಂದು ಸ್ವದೇಶಿ ಫಂಡೊಂದರ ಕೈಸೇರಿತು.

ಭಾರತದಲ್ಲಿ ಅದೇ ವರ್ಷ ಸಿಂಗಪುರ ಸರ್ಕಾರದ ಟೆಮಾಸೆಕ್ ಮಣಿಪಾಲ ಆಸ್ಪತ್ರೆಗಳ ಸಮೂಹದ ಬಹುಪಾಲು ಪಡೆಯಿತು. ಅದಕ್ಕೂ ಮೊದಲು ಮಣಿಪಾಲ ಸಮೂಹ ಕೊಲಂಬಿಯಾ ಏಷ್ಯಾದ ಭಾರತದ ಆಸ್ಪತ್ರೆಗಳನ್ನು ಕೊಂಡಿದ್ದರಿಂದ ಮೈಸೂರಿನ ಬನ್ನಿಮಂಟಪದ ಕಡೆಯ ಆಸ್ಪತ್ರೆಯ ಫಲಕ ಬದಲಾಯಿತು. ಆ ಆಸ್ಪತ್ರೆಯಲ್ಲಿ ಹೆಸರು ಬರೆಸಲು ಸಾಲಿನಲ್ಲಿ ನಿಂತವರಿಗೆ ಇದರ ಸುಳಿವಿರಲು ಕಾರಣವಿಲ್ಲ, ಆದರೆ ಅವರು ನಿಂತ ನೆಲಕ್ಕೂ ಸಿಂಗಪುರದ ಲೆಕ್ಕಪುಸ್ತಕಕ್ಕೂ ಸಂಬಂಧವಿದೆ.

ಈಗ ತಿರುವಿನ ವಿಷಯಕ್ಕೆ ಬರಬೇಕು. 2021ರ ಸುಗ್ಗಿಯಲ್ಲಿ ದುಬಾರಿ ಬೆಲೆಗೆ ಕೊಂಡ ಕಂಪನಿಗಳನ್ನು ಏಷ್ಯಾದ ಬಹುತೇಕ ಫಂಡುಗಳು ಆಶಿಸಿದ ದರಕ್ಕೆ ಮಾರಲಾರದೆ ಇಟ್ಟುಕೊಂಡಿವೆ. ಕಾಗದದ ಮೇಲೆ ಮೌಲ್ಯ ಬೆಳೆದಿದೆ, ಕೈಗೆ ಬಂದ ಹಣ ಕಡಿಮೆ. ಇದನ್ನು ಅಳೆಯಲು ಎರಡು ಮಾಪನಗಳಿವೆ. ಐಆರ್‌ಆರ್ ಎಂಬುದು ವಾರ್ಷಿಕ ಪ್ರತಿಫಲದ ದರ. ಮಾರದೆ ಉಳಿದ ಕಂಪನಿಗಳ ಅಂದಾಜು ಬೆಲೆಯೂ ಅದರಲ್ಲಿ ಸೇರಿರುತ್ತದೆ. ಡಿಪಿಐ ಎಂಬುದು ಹೂಡಿದ ಪ್ರತಿ ರೂಪಾಯಿಗೆ ನಿಜವಾಗಿ ಹಿಂದಿರುಗಿದ್ದೆಷ್ಟು ಎಂಬ ಲೆಕ್ಕ. ದೊಡ್ಡ ಪಿಂಚಣಿ ನಿಧಿಗಳು ಈಗ ಮೊದಲು ಕೇಳುವುದು ಎರಡನೆಯದನ್ನು. ಹಳೆಯ ಹಣ ಮರಳದೆ ಹೊಸ ಫಂಡಿಗೆ ಸಹಿ ಹಾಕಲು ಅವು ಹಿಂಜರಿಯುತ್ತಿವೆ. ಒಂದು ಫಂಡಿನ ಕಂಪನಿಯನ್ನು ಅದೇ ಮ್ಯಾನೇಜರಿನ ಹೊಸ ಫಂಡಿಗೆ ದಾಟಿಸುವ ‘ಕಂಟಿನ್ಯುಯೇಶನ್ ಫಂಡ್’ಗಳು ಹೆಚ್ಚಿದ್ದಕ್ಕೆ ಇದೇ ಹಿನ್ನೆಲೆ.

ಭಾರತದಲ್ಲಿ ಮಾತ್ರ ಎಕ್ಸಿಟ್‌ಗೆ ಒಂದು ಅಗಲವಾದ ದಾರಿ ತೆರೆದಿದೆ, ಅದು ಷೇರುಪೇಟೆ. ಹೊಸ ಷೇರು ಬಿಡುಗಡೆಯಲ್ಲಿ ‘ಆಫರ್ ಫಾರ್ ಸೇಲ್’ ಎಂಬ ಭಾಗ ಹಲವು ಬಾರಿ ಇರುತ್ತದೆ. ಆ ಹಣ ಕಂಪನಿಗೆ ಹೋಗುವುದಿಲ್ಲ, ಹಳೆಯ ಹೂಡಿಕೆದಾರನಿಗೆ ಹೋಗುತ್ತದೆ. ಅದನ್ನು ಕೊಳ್ಳುವವರಲ್ಲಿ ಮ್ಯೂಚುವಲ್ ಫಂಡುಗಳು ಮುಖ್ಯ, ಅವುಗಳಿಗೆ ಬಲ ತಂದದ್ದು 2024ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ₹25,000 ಕೋಟಿ ದಾಟಿದ ಎಸ್‌ಐಪಿ ಕಂತುಗಳು. ಅಂದರೆ ಮಂಡ್ಯದ ಶಾಲಾ ಶಿಕ್ಷಕಿಯೊಬ್ಬರು ಪ್ರತಿ ತಿಂಗಳು ಕಟ್ಟುವ ₹2,000, ಎಲ್ಲೋ ಒಂದು ವಿದೇಶಿ ಫಂಡು ಹೊರಹೋಗಲು ದಾರಿಯಾಗಿರುವ ಸಾಧ್ಯತೆಯಿದೆ. ಕಂಪನಿ ಒಳ್ಳೆಯದಾಗಿ ಬೆಲೆ ಸರಿಯಾಗಿದ್ದರೆ ಇದರಲ್ಲಿ ತಪ್ಪಿಲ್ಲ. ಬೆಲೆ ಸರಿಯೇ ಎಂಬುದನ್ನು ಮಾರುವವನು ಕೊಳ್ಳುವವನಿಗಿಂತ ಚೆನ್ನಾಗಿ ಬಲ್ಲ ಎಂಬುದನ್ನು ಮರೆಯಬಾರದಷ್ಟೆ.

ಹೀಗೆ ಹೊರಹೋಗುವ ತುದಿಯಲ್ಲಿ ಸಾಮಾನ್ಯರು ಆಗಲೇ ನಿಂತಿದ್ದರು. ಸಂಸ್ಥೆಗಳ ಹಣ ನಿಧಾನವಾದ ಮೇಲೆ ಒಳಹೋಗುವ ತುದಿಗೂ ಅವರನ್ನು ಕರೆಯುವ ಪ್ರಯತ್ನ ಏಷ್ಯಾದ ಉದ್ದಕ್ಕೂ ಕಾಣುತ್ತಿದೆ. ಸಣ್ಣ ಹೂಡಿಕೆದಾರರು ಖಾಸಗಿ ಮಾರುಕಟ್ಟೆಗೆ ಬರುವಂಥ ನಿಧಿಗಳ ಚೌಕಟ್ಟನ್ನು ಸಿಂಗಪುರದ ಹಣಕಾಸು ಪ್ರಾಧಿಕಾರ 2025ರ ಮಾರ್ಚ್‌ನಲ್ಲಿ ಪ್ರಸ್ತಾಪಿಸಿತು. ನಮ್ಮಲ್ಲಿ 2024ರಲ್ಲಿ, ಕಟ್ಟಡಗಳನ್ನು ಕೊಂಡು ಬಾಡಿಗೆ ಹಂಚುವ ಸಣ್ಣ ರೀಟ್ ನಿಧಿಗಳಿಗೆ, 2025ರ ಏಪ್ರಿಲ್‌ನಿಂದ ವಿಶೇಷ ಹೂಡಿಕೆ ನಿಧಿಗಳಿಗೆ ಕನಿಷ್ಠ ಹೂಡಿಕೆಯಾಗಿ ₹10 ಲಕ್ಷದ ಮೆಟ್ಟಿಲು ಬಂತು. ಇವು ಪ್ರೈವೇಟ್ ಈಕ್ವಿಟಿಯಲ್ಲ, ಆದರೆ ದಿಕ್ಕು ಒಂದೇ. ನಿಯಂತ್ರಕರು ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. ತಮ್ಮ ಸಾಲಗಾರ ಕಂಪನಿಯಲ್ಲಿ ಹೂಡಿರುವ ಎಐಎಫ್‌ಗಳಲ್ಲಿ ಬ್ಯಾಂಕುಗಳು ಹಣ ಇಟ್ಟು, ಕೆಟ್ಟ ಸಾಲವನ್ನು ಸುತ್ತುಬಳಸಿ ಹೊಸದಾಗಿಸುವುದನ್ನು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 19ರಂದು ಬಿಗಿಯಾಗಿ ತಡೆಯಿತು. ಬ್ಯಾಂಕಿನ ಹಣಕ್ಕೆ ಕಟ್ಟು ಬಿದ್ದಿತು. ಅದೇ ಬ್ಯಾಂಕಿನ ಗ್ರಾಹಕನಿಗೆ ಅಂಥ ನಿಧಿಯನ್ನು ಮಾರಲು ಮೇಜು ಮಾತ್ರ ಹಾಗೆಯೇ ಇದೆ.

ಕುವೆಂಪುನಗರದ ಹಿರಿಯರಿಗೆ ನಾನು ಹೇಳಿದ್ದು, ಚೀಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಕೊನೆಯ ತಿಂಗಳಿನದು ಎಂದು. ಅವಧಿ ಮುಗಿದರೂ, ಹೂಡಿಕೆಯ ಮೌಲ್ಯದಲ್ಲಿ ಮೂರನೇ ಎರಡರಷ್ಟು ಪಾಲಿನವರು ಒಪ್ಪಿದರೆ ಎರಡು ವರ್ಷ ಮುಂದೂಡಬಹುದು. ಆ ಮತದಲ್ಲಿ ಒಂದು ಕೋಟಿಯವನ ಕೈ ಚಿಕ್ಕದು. ಹೆಂಡತಿಯ ಮಂಡಿ ಶಸ್ತ್ರಚಿಕಿತ್ಸೆಗೆಂದು ನಡುವೆ ಕೇಳಿದರೆ, ಚೀಟಿಯಂತೆ ಕೂಗಿ ಎತ್ತಲು ಬರುವುದಿಲ್ಲ. ಅವರು ಕಡತವನ್ನು ಒಯ್ದು, ಇದೇ ಮ್ಯಾನೇಜರಿನ ಹಿಂದಿನ ಫಂಡಿನಲ್ಲಿ ಹೂಡಿದವರಿಗೆ ಪ್ರತಿ ರೂಪಾಯಿಗೆ ಈವರೆಗೆ ಎಷ್ಟು ಹಿಂದಿರುಗಿದೆ ಎಂದು ಮಗನ ಕೈಯಲ್ಲಿ ಇಮೇಲ್ ಬರೆಸಿದರು. ನಾಲ್ಕು ದಿನದಲ್ಲಿ ಉತ್ತರ ಬಂತು. ಅದರಲ್ಲಿ ಐಆರ್‌ಆರ್ ಎಷ್ಟೆಂದು ಇತ್ತು. ಅವರು ಮತ್ತೆ ಬರೆಸಿದ್ದಾರೆ, ಠೇವಣಿಯನ್ನು ಸದ್ಯಕ್ಕೆ ಒಂದು ವರ್ಷಕ್ಕೆ ನವೀಕರಿಸಿದ್ದಾರೆ.